ಸೂಲಗಿತ್ತಿ ಮರ

"ಸಿಕ್ಕಿದ ಮೇಲೂ ಹುಡುಕಬೇಕೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಈ ಮಳೆಗಾಲ ದಾಟುವುದು ಕಷ್ಟ ಎಂದು ವೈದ್ಯರು ಹೇಳಿ ಹೋಗಿ ತಿಂಗಳಾಗಿತ್ತು. ಅವರು ಶಿಷ್ಯನಿಗೆ ಹೇಳಿಕೊಡುತ್ತಿದ್ದ ಗ್ರಂಥ ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಹೇಳಿಕೊಡಬಲ್ಲವರನ್ನು ಹುಡುಕು, ಆದಷ್ಟು ಹತ್ತಿರದವರಾಗಿರಲಿ ಎಂದು ಅವರೇ ಅಪ್ಪಣೆ ಕೊಟ್ಟಿದ್ದರು.

ಶಿಷ್ಯ ಹುಡುಕಿದ್ದ. ತಮ್ಮ ಪರಂಪರೆಯ ಹನ್ನೆರಡು ಮಠಗಳಿಗೂ ಓಲೆ ಬರೆದಿದ್ದ. ಎಂಟು ದಿನದ ದಾರಿಯ ಒಂದು ಮಠದಲ್ಲಿ ಆ ಗ್ರಂಥ ಬಲ್ಲ ಹಿರಿಯರೊಬ್ಬರಿದ್ದಾರೆಂದು ಉತ್ತರ ಬಂದಿತ್ತು. ಮರುದಿನ ಬೆಳಗ್ಗೆ ಹೊರಡಬೇಕು. ಹೊರಟರೆ ಗುರುಗಳನ್ನು ಮತ್ತೆ ಜೀವಂತ ನೋಡುತ್ತೇನೆಂಬ ನಂಬಿಕೆ ಅವನಿಗಿರಲಿಲ್ಲ. ಗಂಟು ಕಟ್ಟಿಟ್ಟ ಮೇಲೂ ಕಾಲು ಬಾರದೆ ಗುರುಗಳ ಮುಂದೆ ಬಂದು ಕುಳಿತಿದ್ದ.

"ಸಿಕ್ಕಿದ್ದಾರೆ ಅಂದೆಯಲ್ಲ" ಎಂದರು ಗುರುಗಳು.

"ಸಿಕ್ಕಿದ್ದಾರೆ. ನಮ್ಮವರ ಪೈಕಿ ಅವರೇ ಎಲ್ಲರಿಗಿಂತ ಹತ್ತಿರ. ಆದರೂ ಮನಸ್ಸು ಒಪ್ಪುತ್ತಿಲ್ಲ. ಸಿಕ್ಕಿತು ಎಂದು ಯಾವಾಗ ಹೇಳಬಹುದು? ಹುಡುಕುವವನು ಎಲ್ಲಿಗೆ ನಿಲ್ಲಿಸಬೇಕು?"

ಅಷ್ಟರಲ್ಲಿ ಹಳ್ಳದಾಚೆಯ ಮಠದ ಗಂಟೆ ಮೊಳಗಿತು. ಅದು ಬೇರೆ ಪರಂಪರೆಯವರ ಮಠ. ಎರಡು ಮಠಗಳ ನಡುವೆ ಮೂರು ತಲೆಮಾರಿನಿಂದ ಮಾತಿರಲಿಲ್ಲ. ಗಂಟೆ ನಿಂತ ಮೇಲೆ ಗುರುಗಳು ಉಸಿರು ಸುಧಾರಿಸಿಕೊಳ್ಳುತ್ತ ಈ ಕತೆ ಹೇಳಿದರು.

ಒಂದು ನಾಡಿನ ಚಾವಡಿಯಲ್ಲಿ ಒಬ್ಬ ಕರಣಿಕನಿದ್ದ. ಬುದ್ಧಿವಂತ. ತಾನು ಬುದ್ಧಿವಂತನೆಂದು ಅವನಿಗೂ ಗೊತ್ತಿತ್ತು, ಬೇರೆ ಕಾಯಿಲೆ ಏನೂ ಇರಲಿಲ್ಲ.

ಆ ನಾಡಿನಲ್ಲಿ ಅರವತ್ತನಾಲ್ಕು ಜನ ಸೂಲಗಿತ್ತಿಯರಿದ್ದರು. ಹಿಂದೆ ಯಾರಿಗೆ ಹೆರಿಗೆ ನೋವು ಬಂದರೂ ಜನ ಹೆಸರುವಾಸಿಯಾದ ಒಬ್ಬಿಬ್ಬರ ಮನೆಗೇ ಓಡುತ್ತಿದ್ದರು. ಅವರು ಒಂದು ಹೆರಿಗೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಉಳಿದವರು ಕರೆಯುವವರಿಲ್ಲದೆ ಮನೆಯಲ್ಲಿ ಕೂತಿರುತ್ತಿದ್ದರು. ಇದನ್ನು ಕಂಡ ದೊರೆ ಒಂದು ಕಟ್ಟಳೆ ಮಾಡಿದ. ನೋವು ಬಂದರೆ ಹತ್ತಿರದ ಸೂಲಗಿತ್ತಿಯನ್ನೇ ಕರೆಯಬೇಕು. ಹತ್ತಿರದವಳು ಯಾರೆಂದು ಚಾವಡಿಯವರು ಹೇಳಬೇಕು. ಚಾವಡಿಯಿಂದ ಕರೆ ಬಾರದೆ ಯಾವ ಸೂಲಗಿತ್ತಿಯೂ ಹೊಸಲು ದಾಟಬಾರದು.

ಕಟ್ಟಳೆ ಒಳ್ಳೆಯದೇ. ಆದರೆ ಚಾವಡಿಯ ಕಡತದಲ್ಲಿ ಅರವತ್ತನಾಲ್ಕು ಹೆಸರುಗಳು ಮನಸ್ಸಿಗೆ ಬಂದಂತೆ ಒಂದರ ಕೆಳಗೊಂದು ಬರೆದಿದ್ದವು. ಓಡಿ ಬಂದವನನ್ನು ನಿಲ್ಲಿಸಿಕೊಂಡು ಗುಮಾಸ್ತ ಒಂದೊಂದೇ ಹೆಸರು ಓದುತ್ತಿದ್ದ. ಇವಳು ನಿನ್ನ ಮನೆಗೆ ಎಷ್ಟು ದೂರ, ಅವಳು ಎಷ್ಟು ದೂರ ಎಂದು ಲೆಕ್ಕ ಹಾಕುತ್ತಿದ್ದ. ಕಡೆಯ ಹೆಸರಿಗೆ ಬರುವಷ್ಟರಲ್ಲಿ ಕೆಲವು ಕೂಸುಗಳು ತಾವೇ ಹುಟ್ಟಿಬಿಡುತ್ತಿದ್ದವು. ಕೆಲವು ಹುಟ್ಟುತ್ತಿರಲಿಲ್ಲ.

ಕರಣಿಕ ಇದನ್ನು ನೋಡಿ ಮರುಗಿದ. ಒಂದು ವರ್ಷ ಊಟ ನಿದ್ದೆ ಬಿಟ್ಟು ಯೋಚಿಸಿದ. ಕಡೆಗೆ ಒಂದು ಉಪಾಯ ಹೊಳೆಯಿತು. ಅವನು ನಾಡಿನ ನಡುವೆ ಒಂದು ಗೆರೆ ಎಳೆದ. ಗೆರೆಯ ಮೂಡಲಿಗೆ ಮೂವತ್ತೆರಡು ಸೂಲಗಿತ್ತಿಯರು, ಪಡುವಲಿಗೆ ಮೂವತ್ತೆರಡು. ಗೆರೆಯ ಮೇಲೆ ಅಲ್ಲಲ್ಲಿ ಕಲ್ಲು ನೆಡಿಸಿದ. ಆಮೇಲೆ ಒಂದೊಂದು ಅರ್ಧವನ್ನೂ ಬಡಗಲು, ತೆಂಕಲು ಎಂದು ಕಡಿದ. ಹದಿನಾರು, ಹದಿನಾರು. ಅದನ್ನು ಮತ್ತೆ ಮೂಡಲು, ಪಡುವಲು ಎಂದು ಕಡಿದ. ಹೀಗೆ ಆರು ಸಲ ಕಡಿಯುವ ಹೊತ್ತಿಗೆ ಒಂದೊಂದು ಪಾಲಿನಲ್ಲಿ ಒಬ್ಬೊಬ್ಬಳೇ ಸೂಲಗಿತ್ತಿ ಉಳಿದಳು.

ಹೊಸ ಕಡತದ ಮೊದಲ ಪುಟದಲ್ಲಿ ಅದರ ಚಿತ್ರ ಬರೆದ. ಒಂದು ಬೊಡ್ಡೆ, ಅದಕ್ಕೆರಡು ಕೊಂಬೆ, ಒಂದೊಂದು ಕೊಂಬೆಗೂ ಎರಡೆರಡು ಕವಲು, ಕಟ್ಟಕಡೆಗೆ ಒಂದೊಂದು ತುದಿಯಲ್ಲೂ ಒಬ್ಬಳ ಹೆಸರು. ಜನ ಅದನ್ನು ಸೂಲಗಿತ್ತಿ ಮರ ಎಂದು ಕರೆದರು.

ಈಗ ಗುಮಾಸ್ತನಿಗೆ ಆರೇ ಪ್ರಶ್ನೆ. ನಿನ್ನ ಮನೆ ನಡುಗೆರೆಯ ಮೂಡಲಿಗೋ ಪಡುವಲಿಗೋ? ಪಡುವಲಿಗೆ. ಅದರಲ್ಲಿ ಬಡಗಲೋ ತೆಂಕಲೋ? ತೆಂಕಲು. ಹೀಗೆ ಕೊಂಬೆಯಿಂದ ಕೊಂಬೆಗೆ ಇಳಿದರೆ ತುದಿಯಲ್ಲಿ ಒಂದು ಹೆಸರು ಸಿಗುತ್ತಿತ್ತು. ಮರ ಎಂದ ಮೇಲೆ ಹತ್ತಬೇಕಲ್ಲ, ಇಳಿಯುವುದೆಂದರೇನು ಎಂದು ಕೆಲವರು ತಮಾಷೆ ಮಾಡಿದರು. ಕರಣಿಕ ತಲೆ ಕೆಡಿಸಿಕೊಳ್ಳಲಿಲ್ಲ. ಬೊಡ್ಡೆಯನ್ನು ಅವನು ಪುಟದ ಮೇಲ್ಭಾಗದಲ್ಲಿ ಬರೆದಿದ್ದ.

ಆದರೆ ಹತ್ತುವುದೂ ಇತ್ತು. ಅದನ್ನೂ ಅವನೇ ಬರೆದಿದ್ದ. ಗೆರೆಯ ಪಕ್ಕದಲ್ಲೇ ಮನೆಯಿರುವವನಿಗೆ ತನ್ನ ಪಾಲಿನವಳಿಗಿಂತ ಗೆರೆಯಾಚೆಯವಳು ಹತ್ತಿರವಿರಬಹುದಲ್ಲ? ಆದ್ದರಿಂದ ತುದಿಯ ಹೆಸರು ಸಿಕ್ಕಿದ ಕೂಡಲೇ ಅವಳಿರುವ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತಬೇಕು. ಒಂದೊಂದು ಕವಲಿನಲ್ಲೂ ನಿಂತು ಕೇಳಬೇಕು, ಈ ಗೆರೆ ನಿನ್ನ ಮನೆಯಿಂದ ಎಷ್ಟು ದೂರ? ಸೂಲಗಿತ್ತಿಗಿಂತ ಗೆರೆಯೇ ದೂರವಿದ್ದರೆ ಆಚೆ ನೋಡುವ ಕೆಲಸವಿಲ್ಲ. ಗೆರೆ ಹತ್ತಿರವಿದ್ದರೆ ಆಚೆಯ ಕೊಂಬೆಗೂ ಇಳಿದು ನೋಡಿಯೇ ಬರಬೇಕು. ಬೊಡ್ಡೆಯವರೆಗೂ ಹತ್ತಿ ಬಂದ ಮೇಲೆಯೇ ಇವಳು ಹತ್ತಿರದವಳು ಎಂದು ಹೇಳಬಹುದು.

ನಾಡಿನ ಉಳಿದೆಲ್ಲ ಚಾವಡಿಗಳಿಗೂ ಕಡತದ ಪ್ರತಿ ಹೋಯಿತು. ನಾಡಿನಲ್ಲಿ ಹೆರಿಗೆಯ ಸಾವು ಕಡಿಮೆಯಾಯಿತು. ದೊರೆ ಕರಣಿಕನಿಗೆ ಶಾಲು ಹೊದಿಸಿದ. ನಡುಗೆರೆಯ ಮೊದಲ ಕಲ್ಲಿನ ಪಕ್ಕದಲ್ಲೇ, ಪಡುವಲ ಮಗ್ಗುಲಿಗೆ, ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟ. ನೀನು ನೆಟ್ಟ ಕಲ್ಲು ದಿನಾ ನಿನ್ನ ಕಣ್ಣಿಗೆ ಬೀಳುತ್ತಿರಲಿ ಎಂದ.

ಒಂದು ದಿನ ಒಬ್ಬ ಕುಂಬಾರ ಚಾವಡಿಗೆ ಓಡಿ ಬಂದ. ಗುಮಾಸ್ತ ಆರು ಪ್ರಶ್ನೆ ಕೇಳಿ ಹೆಸರು ಹಿಡಿದ. ಆಮೇಲೆ ಕಟ್ಟಳೆಯಂತೆ ಹತ್ತತೊಡಗಿದ. ಆಚೆ ಇಳಿದ, ಅಲ್ಲಿ ಹತ್ತಿರದವಳು ಸಿಗಲಿಲ್ಲ, ಮತ್ತೆ ಹತ್ತಿದ. ಕಡೆಗೆ ಮೊದಲು ಸಿಕ್ಕ ಹೆಸರೇ ಉಳಿಯಿತು. ಕುಂಬಾರ ಅವಳನ್ನು ಕರೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ಕೂಸು ಉಸಿರಿಲ್ಲದೆ ಹುಟ್ಟಿತ್ತು. ಅವನು ತಿರುಗಿ ಬಂದು ಚಾವಡಿಯ ಮೆಟ್ಟಿಲ ಮೇಲೆ ಮಣ್ಣು ತೂರಿದ. "ಹೆಸರು ಕೈಯಲ್ಲಿ ಇಟ್ಕೊಂಡು ಇನ್ನೂ ಏನು ಹುಡುಕ್ತಿದ್ರಿ ನೀವು?" ಎಂದು ಅತ್ತ.

ಕರಣಿಕನಿಗೆ ಆ ಮಾತು ನಾಟಿತು. ಅವನು ಎಲ್ಲ ಚಾವಡಿಗಳಿಂದ ಹಳೆಯ ಲೆಕ್ಕ ತರಿಸಿ ನೋಡಿದ. ಹತ್ತು ಸಲ ಹತ್ತಿದರೆ ಒಂಬತ್ತು ಸಲ ಮೊದಲು ಸಿಕ್ಕವಳೇ ಹತ್ತಿರದವಳಾಗಿದ್ದಳು. ಒಂಬತ್ತು ಜನರನ್ನು ಒಬ್ಬನಿಗಾಗಿ ಯಾಕೆ ಕಾಯಿಸಬೇಕು? ಅವನು ಲೇಖನಿ ತೆಗೆದುಕೊಂಡು, ಹತ್ತುವುದನ್ನು ಹೇಳಿದ್ದ ಪುಟವನ್ನು ಹೊಡೆದು ಹಾಕಿದ. ಕರುಣೆಯಿಂದಲೇ ಹೊಡೆದು ಹಾಕಿದ. ಗುಮಾಸ್ತರಿಗೆ ಹಬ್ಬವಾಯಿತು. ಓಡಿ ಬಂದವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹೆಸರು ಸಿಗತೊಡಗಿತು. ಪಕ್ಕದ ನಾಡಿನವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಆ ಹತ್ತನೆಯವನು ಯಾರೆಂದು ಯಾರೂ ಕೇಳಲಿಲ್ಲ. ಕರಣಿಕನೂ ಮರೆತ.

ಇಪ್ಪತ್ತು ವರ್ಷ ಹೋಯಿತು. ಗೆರೆಯನ್ನು ಎಳೆದದ್ದು ಹುಡುಕುವುದಕ್ಕಾಗಿ. ಆದರೆ ಎದುರಿಗೆ ಕಲ್ಲು ಇದ್ದರೆ ಜನ ಅದಕ್ಕೊಂದು ಅರ್ಥ ಕಟ್ಟದೆ ಬಿಡುವುದಿಲ್ಲ. ಮೊದಲು ನಾವು ಕಲ್ಲಿನ ಈಚೆಯವರು, ಅವರು ಆಚೆಯವರು ಎಂದರು. ಆಮೇಲೆ ಸಂತೆ ಬೇರೆಯಾಯಿತು. ಹೆಣ್ಣು ಕೊಡುವುದು ತರುವುದು ನಿಂತಿತು. ಗೆರೆಯ ಉದ್ದಕ್ಕೂ ಯಾರು ನೆಟ್ಟರೋ ಏನೋ, ಕಳ್ಳಿ ಬೆಳೆಯಿತು. ಕರಣಿಕನ ಹಿತ್ತಲಿನಲ್ಲಿ ನಿಂತರೆ ಕಳ್ಳಿಯ ಮೇಲಿನಿಂದ ಆಚೆಯ ಒಂದು ಮನೆಯ ಹೊಗೆ ಕಾಣುತ್ತಿತ್ತು. ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಹಲ್ಲುಜ್ಜುತ್ತ ಅವನು ಆ ಹೊಗೆಯನ್ನು ನೋಡಿದ್ದ. ಅದು ಯಾರ ಮನೆಯೆಂದು ಕೇಳಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಬೆಳಗ್ಗೆ, ಇನ್ನೂ ಅಂಗಳ ಸಾರಿಸುವ ಹೊತ್ತಿಗೆ, ನೋವು ಕಾಣಿಸಿಕೊಂಡಿತು. ಕರಣಿಕ ಗಾಬರಿಯಾಗಲಿಲ್ಲ. ಕಡತ ಮನೆಯಲ್ಲೇ ಇತ್ತು. ಆರು ಪುಟ ಮಗುಚಿದ. ತೆಂಕಣ ಮೂಲೆಯ ಒಬ್ಬ ಸೂಲಗಿತ್ತಿಯ ಹೆಸರು ಬಂತು. ಎರಡು ಹರದಾರಿ ದೂರ. ಎರಡು ಹರದಾರಿ ಸ್ವಲ್ಪ ದೂರವೇ ಆಯಿತು ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು. ಆದರೂ ಮನೆಯ ಆಳನ್ನು ಓಡಿಸಿದ.

ಹೊತ್ತು ಏರಿತು. ಕೂಸು ಅಡ್ಡ ಬಿದ್ದಿತ್ತು. ಮಗಳ ಕೂಗು ಬೀದಿಗೆ ಕೇಳಿಸುತ್ತಿತ್ತು. ಹೆಂಡತಿ ಒಳಗಿನಿಂದ ಬಂದು ಗಂಡನ ಮುಂದೆ ನಿಂತಳು.

"ಹಿತ್ತಲಾಚೆ ಹೊಗೆ ಬರುತ್ತಲ್ಲ, ಆ ಮನೆಯವಳು ಹೆರಿಗೆ ಮಾಡಿಸ್ತಾಳೆ ಅಂತ ಒಂದ್ಸಲ ಯಾರೋ ಅಂದಿದ್ರು. ಹೋಗಿ ಕರೀಲಾ?"

"ಯಾರೋ ಅಂದ್ರು ಅಂತ ಯಾರನ್ನೋ ಕರೆದು ಮಗಳನ್ನ ಒಪ್ಪಿಸ್ತೀಯಾ? ಹತ್ತಿರದವಳು ಬೇರೆ ಇದ್ದಿದ್ರೆ ಮರ ಹೇಳ್ತಿರಲಿಲ್ವಾ? ಆಳು ಹೋಗಿದಾನೆ. ಬರ್ತಾಳೆ ಇರು."

ಹೆಂಡತಿ ಅವನ ಮಾತು ನಂಬಿದಳು. ನಾಡೇ ನಂಬಿತ್ತು, ಅವಳು ನಂಬದಿರುವಳೇ?

ಸೂಲಗಿತ್ತಿ ಬಂದಳು. ವಯಸ್ಸಾದವಳು, ಬಿಸಿಲಿನಲ್ಲಿ ಎರಡು ಹರದಾರಿ ನಡೆದು ಬಂದಿದ್ದಳು. ಹೊತ್ತು ಇಳಿದಿತ್ತು. ಅವಳು ಕಾಲು ಸಹ ತೊಳೆಯದೆ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದು ಅಂಗಳದಲ್ಲಿ ಕೂತಳು. ಮಧ್ಯಾಹ್ನ ಬಂದಿದ್ದರೆ ತಿರುಗಿಸಬಹುದಿತ್ತು ಎಂದಳು. ಕೂಸೂ ಉಳಿದಿರಲಿಲ್ಲ, ತಾಯಿಯೂ ಉಳಿದಿರಲಿಲ್ಲ.

ಮೂರನೆಯ ದಿನ ಕರಣಿಕ ಹಿತ್ತಲಿನಲ್ಲಿ ನಿಂತಿದ್ದ. ಕಳ್ಳಿಯ ಆಚೆ, ಕಲ್ಲಿನ ಹತ್ತಿರ, ಒಬ್ಬ ಹೆಂಗಸು ಬಂದು ನಿಂತಳು. ಕಲ್ಲು ದಾಟಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನೀನು ಯಾರು ಎಂದು ಅವನು ಕೇಳಿದ.

"ನಾನು ಸಾಕವ್ವ ಸ್ವಾಮಿ, ಸೂಲಗಿತ್ತಿ. ಆ ಮನೆ ನಂದೇ. ಅವತ್ತು ಬೆಳಗ್ಗೆಯಿಂದ ಕೂಗು ಕೇಳಿಸ್ತಿತ್ತು. ಎಂಥ ಕೂಗು ಅಂತ ನನಗೆ ಗೊತ್ತಾಗಲ್ವಾ? ಕೂಸು ಅಡ್ಡ ಐತೆ ಅಂತ ಕೂಗಲ್ಲೇ ಗೊತ್ತಾಯ್ತು. ಸೀರೆ ಕಟ್ಟಿ, ಎಣ್ಣೆ ಬಟ್ಲು ಹಿಡ್ಕಂಡು ಬಾಗ್ಲಲ್ಲೇ ನಿಂತಿದ್ದೆ. ಇವಾಗ ಕರೀತಾರೆ, ಇವಾಗ ಕರೀತಾರೆ ಅಂತ. ಯಾಕೆ ಸ್ವಾಮಿ ಕರೀಲಿಲ್ಲ?"

ಕರಣಿಕ ಮನೆಯೊಳಗೆ ಹೋಗಿ ಕಡತ ಬಿಚ್ಚಿದ. ತಾನು ಇಳಿದ ತುದಿಯಿಂದ ಹಿಂದಕ್ಕೆ ಹತ್ತತೊಡಗಿದ. ಹೊಡೆದು ಹಾಕಿದ್ದ ಪುಟ ಅವನಿಗೆ ಬಾಯಿಪಾಠವಿತ್ತು. ಮೊದಲ ಕವಲು, ಗೆರೆ ದೂರ. ಎರಡನೆಯದು, ದೂರ. ಮೂರು, ನಾಲ್ಕು, ಐದು. ಎಲ್ಲವೂ ಎರಡು ಹರದಾರಿಗಿಂತ ದೂರ. ಕಡೆಗೆ ಬೊಡ್ಡೆಗೆ ಬಂದ. ನಡುಗೆರೆ. ಗೆರೆ ನಿನ್ನ ಮನೆಯಿಂದ ಎಷ್ಟು ದೂರ?

ಅವನು ಎದ್ದು ಹೋಗಿ ಅಳೆದ. ನಲವತ್ತು ಹೆಜ್ಜೆ.

ತಿರುಗಿ ಬಂದು ಮೂಡಲ ಕೊಂಬೆಗೆ ಇಳಿದ. ಐದು ಪುಟ ಮಗುಚಿದ. ತುದಿಯಲ್ಲಿ ಹೆಸರಿತ್ತು. ಸಾಕವ್ವ. ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು. ಅಕ್ಷರ ಅವನದೇ.

ಸುದ್ದಿ ದೊರೆಗೆ ಮುಟ್ಟಿತು. ದೊರೆ ತಾನೇ ಬಂದ. "ನಾಳೆಯೇ ಆ ಕಲ್ಲುಗಳನ್ನೆಲ್ಲ ಕೀಳಿಸಿಬಿಡುತ್ತೇನೆ. ಮರವನ್ನೂ ಸುಡಿಸುತ್ತೇನೆ" ಎಂದ. ಕರಣಿಕ ಬೇಡವೆಂದು ಕೈ ಮುಗಿದ. ಕಿತ್ತರೆ ಮತ್ತೆ ಅರವತ್ತನಾಲ್ಕು ಹೆಸರು ಓದಬೇಕಾಗುತ್ತದೆ, ಮತ್ತೆ ಹೆಣ್ಣುಮಕ್ಕಳು ಸಾಯುತ್ತಾರೆ. ಮರ ಸುಳ್ಳು ಹೇಳಲಿಲ್ಲ. ಅರ್ಧ ಕೇಳಿ ಎದ್ದು ಬಂದವನು ತಾನು. ಹತ್ತುವುದನ್ನು ಮತ್ತೆ ಬರೆಯಲು ಅಪ್ಪಣೆಯಾಗಲಿ ಎಂದು ಬೇಡಿಕೊಂಡ.

ಅಪ್ಪಣೆಯಾಯಿತು. ಅವನು ಒಂದೊಂದೇ ಚಾವಡಿಗೆ ನಡೆದು ಹೋಗಿ, ಒಂದೊಂದು ಕಡತದಲ್ಲೂ ತನ್ನ ಕೈಯಾರೆ ಆ ಪುಟವನ್ನು ಮತ್ತೆ ಬರೆದ. ಆಮೇಲೆ ಲೇಖನಿ ಒಪ್ಪಿಸಿ ಮನೆಗೆ ಬಂದ. ಹೆಂಡತಿ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎದೆಯ ಭಾರ ಅಷ್ಟಾದರೂ ಇಳಿಯುತ್ತಿತ್ತು. ಅವಳು ಅಡಿಗೆ ಮಾಡಿ ಬಡಿಸುತ್ತಿದ್ದಳು, ಹಿತ್ತಲ ಬಾಗಿಲನ್ನು ಮಾತ್ರ ತೆಗೆಯುತ್ತಿರಲಿಲ್ಲ.

ಕರಣಿಕ ಅಂದಿನಿಂದ ಬೆಳಗಾದರೆ ಮೊದಲ ಕಲ್ಲಿನ ಹತ್ತಿರ ಹೋಗಿ ಕೂರುತ್ತಿದ್ದ. ಅತ್ತಿತ್ತ ಹೋಗುವವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ. ನಿಮ್ಮ ಮನೆಯಿಂದ ಗೆರೆ ಎಷ್ಟು ದೂರ? ಹೊಲಕ್ಕೆ ಹೋಗುವವನಿಗೂ ಅದೇ ಪ್ರಶ್ನೆ, ಹುಲ್ಲು ಹೊತ್ತು ತರುವವಳಿಗೂ ಅದೇ. ಮೊದಮೊದಲು ಜನ ಅಯ್ಯೋ ಪಾಪ ಎಂದು ನಿಂತು ಉತ್ತರ ಕೊಡುತ್ತಿದ್ದರು. ಆಮೇಲೆ ತಲೆ ಕೆಟ್ಟಿದೆ ಎಂದು ಸುತ್ತು ಬಳಸಿ ಹೋಗತೊಡಗಿದರು. ಸಾಕವ್ವ ಒಬ್ಬಳೇ ದಿನಾ ಕಲ್ಲಿನ ಆಚೆ ಬಂದು ನಿಂತು, "ನಮ್ಮನೆಯಿಂದ ಇನ್ನೂರರವತ್ತು ಹೆಜ್ಜೆ ಸ್ವಾಮಿ" ಎಂದು ಹೇಳಿ ಹೋಗುತ್ತಿದ್ದಳು. ಅವನು ಪ್ರತಿ ದಿನವೂ ಅದಕ್ಕೆ ನಲವತ್ತು ಕೂಡಿಸುತ್ತಿದ್ದ.

ಅವನು ಸತ್ತ ಮೇಲೆ, ಹತ್ತು ವರ್ಷಕ್ಕೋ ಹನ್ನೆರಡು ವರ್ಷಕ್ಕೋ, ಚಾವಡಿಗೆ ಹೊಸ ಕರಣಿಕ ಬಂದ. ಹತ್ತುವುದರಲ್ಲಿ ಎಷ್ಟು ಹೊತ್ತು ಹಾಳಾಗುತ್ತಿದೆ ಎಂದು ನೋಡಿ ಅವನು ಮರುಗಿದ. ಹಳೆಯ ಲೆಕ್ಕ ತರಿಸಿದ. ಹತ್ತರಲ್ಲಿ ಒಂಬತ್ತು ಸಲ ಮೊದಲು ಸಿಕ್ಕವಳೇ ಹತ್ತಿರದವಳು. ಅವನೂ ಬುದ್ಧಿವಂತ. ಲೇಖನಿ ಕೈಗೆತ್ತಿಕೊಂಡ.

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿದರು. ಉಸಿರು ಜೋರಾಗಿ ಎಳೆಯುತ್ತಿತ್ತು. ಶಿಷ್ಯ ನೀರಿನ ತಂಬಿಗೆಯನ್ನು ಮುಂದಕ್ಕೆ ಸರಿಸಿದ. ಅವರು ಒಂದು ಗುಟುಕು ಕುಡಿದರು.

ಕತೆ ತನಗೇ ಹೇಳಿದ್ದೆಂದು ಶಿಷ್ಯನಿಗೆ ಗೊತ್ತಾಗಿತ್ತು. ಆದರೆ ಎಲ್ಲಿ ತಾಗಬೇಕೋ ಅಲ್ಲಿ ಇನ್ನೂ ತಾಗಿರಲಿಲ್ಲ. "ನಾನು ಹನ್ನೆರಡು ಮಠಗಳಲ್ಲೂ ವಿಚಾರಿಸಿದ್ದೇನೆ ಗುರುಗಳೇ, ಒಂದನ್ನೂ ಬಿಟ್ಟಿಲ್ಲ. ಹತ್ತಿರದವರು ಬೇರೆ ಯಾರೂ ಇಲ್ಲ. ಎಂಟು ದಿನದ ದಾರಿ. ನಿಮ್ಮನ್ನು ಹೀಗೆ ಬಿಟ್ಟು ಹೋಗಲು ನನಗೆ ಆಗುತ್ತಿಲ್ಲ" ಎಂದ.

ಗುರುಗಳು ಕಣ್ಣು ತೆರೆದು ಕೇಳಿದರು.

"ಹಳ್ಳದಾಚೆಯ ಮಠದ ಗಂಟೆ ನಿನ್ನ ಕೋಣೆಗೆ ಕೇಳಿಸುತ್ತದೆಯೇ?"

ಶಿಷ್ಯ ಎದ್ದು ಬಾಗಿಲಿಗೆ ಹೋಗಿ ಹಳ್ಳದಾಚೆಗೆ ನೋಡಿದ.